ಎಂಬತ್ತೇಳನೇ ಪುಟದ ಸೊನ್ನೆ

“ಸೊನ್ನೆ!” ಎಂದರು ಸ್ಕೇಲು ಮೇಷ್ಟ್ರು. ಎಂಬತ್ತೇಳನೇ ಪುಟದ ಅಡಿಯಲ್ಲಿ ಕೆಂಪು ಪೆನ್ನಿನಿಂದ ಸೊನ್ನೆ ಬರೆದು ಅದರ ಸುತ್ತ ಒಂದು ವೃತ್ತವನ್ನೂ ಎಳೆದರು. “ಹೋದ ಸಲ ಇದೇ ಪುಟದಲ್ಲಿ ಹದಿನಾಲ್ಕು ತಪ್ಪು. ಈಗ ನೋಡಮ್ಮ, ಇಂಗ್ಲಿಷು ಇಂಗ್ಲಿಷಿನ ಥರ ಇದೆ.”

ಎದುರಿಗೆ ನಿಂತಿದ್ದ ನರ್ಸ್ ಸಿಟ್ಟು ನುಂಗಿಕೊಂಡು ನಕ್ಕಳು. ಮಕ್ಕಳ ವಾರ್ಡಿನಲ್ಲಿ ಹದಿನೆಂಟು ವರ್ಷ ದುಡಿದವಳು, ಡಾಕ್ಟರೇಟ್‌ಗೆಂದು ಇನ್ನೂರು ಪುಟ ಬರೆದು ಈ ಮಾರ್ಗದರ್ಶಕರ ಕೈಗೆ ಸಿಕ್ಕಿದ್ದಳು. ಸಾಲಿನ ಕೆಳಗೆ ಸ್ಕೇಲಿಟ್ಟು ಓದುವುದು, ಪುಟದ ಅಡಿಯಲ್ಲಿ ತಪ್ಪುಗಳನ್ನು ಎಣಿಸಿ ಬರೆಯುವುದು ಅವರ ಪದ್ಧತಿ. ಇಲ್ಲೊಂದು ‘ದ’ (the) ಬೇಕು, ಅಲ್ಲಿರುವ ‘ದ’ ಬೇಡ; ಈ ವಾಕ್ಯ ಮುಗಿಯುವುದೇ ಇಲ್ಲ, ಕತ್ತರಿಸು; ಕರ್ತೃ ಬಹುವಚನ, ಕ್ರಿಯಾಪದ ಯಾಕೆ ಏಕವಚನ? ಮೊಸರಲ್ಲಿ ಕಲ್ಲು ಹುಡುಕುವುದೆಂದರೆ ಇದೇ. ಮೂರು ಸಲ ಹಾಗೆ ವಾಪಸ್ ಕೊಟ್ಟರು. ಔಷಧಿಯ ಬಗ್ಗೆ, ಮಕ್ಕಳ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ ಮಹಾನುಭಾವರು.

ಹಾಳಾಗಲಿ, ನಾಲ್ಕನೇ ಸಲಕ್ಕೆ ಸಹಿ ಬಿತ್ತು. ತಿಂಗಳ ಕೊನೆಯೊಳಗೆ ಪ್ರಬಂಧ ಸಲ್ಲಿಸಿದರೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಅವಳದು. ಇಲ್ಲವಾದರೆ ಅದು ಬೇರೆಯವರಿಗೆ. ಉಳಿದದ್ದು ಆರು ದಿನ.

ಪ್ರಬಂಧವನ್ನು ಎದೆಗವಚಿಕೊಂಡು ನೇರ ವಾರ್ಡಿಗೆ ಬಂದಳು. ದೊಡ್ಡಕ್ಕ ಸಿರಿಂಜುಗಳನ್ನು ಟ್ರೇಯಲ್ಲಿ ಜೋಡಿಸುತ್ತಿದ್ದಳು. ಅವಳು ಅಲ್ಲಿನ ಹಿರಿಯ ನರ್ಸ್. ಈ ಸಂಶೋಧನೆಗೆಂದು ಎರಡು ವರ್ಷ ಇವಳ ಜೊತೆ ನಿಂತು ಅಳುವ ಕೂಸುಗಳನ್ನು ಒಂದೊಂದಾಗಿ ತೂಗಿ ಕೊಟ್ಟವಳು. ಕೈ ಒರೆಸಿಕೊಂಡು ಪುಟ ತಿರುವಿದಳು.

“ನಿನ್ನ ಉದ್ದುದ್ದ ಇಂಗ್ಲಿಷು ನನ್ನ ತಲೆಗೆ ಹತ್ತಲ್ಲ ಮಾರಾಯ್ತಿ. ನಮ್ಮ ಪಟ್ಟಿ ಎಲ್ಲಿದೆ ತೋರಿಸು.”

ಎಂಬತ್ತೇಳನೇ ಪುಟ. ಎಷ್ಟು ತೂಕದ ಮಗುವಿಗೆ ಎಷ್ಟು ಔಷಧಿ ಎಂಬ ಪಟ್ಟಿ. ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಎಲ್ಲ ಮಕ್ಕಳ ವಾರ್ಡುಗಳ ಗೋಡೆಗೆ ಅಂಟಿಸಬೇಕೆಂದು ಆಸ್ಪತ್ರೆಯವರು ಆಗಲೇ ತೀರ್ಮಾನಿಸಿದ್ದರು. ದೊಡ್ಡಕ್ಕನ ಬೆರಳು ಮೇಲಿನಿಂದ ಕೆಳಗಿಳಿಯುತ್ತ ಒಂದು ಕಡೆ ನಿಂತಿತು.

“ಅಲ್ಲ ಕಣೇ, ಐದು ಕೆಜಿ ಕೂಸಿಗೆ ಏಳೂವರೆ ಮಿಲಿನಾ? ಹದಿನೈದು ಕೆಜಿ ಮಗೂಗೆ ಎರಡೂವರೆ? ಕೂಸನ್ನ ಕೊಲ್ಲಕ್ಕೆ ಹೊರಟಿದ್ದೀಯಾ?”

ನರ್ಸ್ ಪುಟವನ್ನು ತನ್ನತ್ತ ಎಳೆದುಕೊಂಡಳು. ಎರಡು ಸಾಲಿನ ಔಷಧಿಯ ಅಂಕಿಗಳು ಅದಲುಬದಲಾಗಿದ್ದವು. ಯಾವಾಗ ಆಯಿತೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಪಟ್ಟಿಯ ತಲೆಬರಹದ ಭಾಷೆ ಸರಿಯಿಲ್ಲವೆಂದು ಮೇಷ್ಟ್ರು ಮೊದಲ ಸಲ ಕೆಂಪು ಗೀಚಿದಾಗ, ಇಡೀ ಪಟ್ಟಿಯನ್ನು ಹೊಸದಾಗಿ ಟೈಪ್ ಮಾಡಿದ್ದಳು. ಆಮೇಲೆ ಮೂರು ಸಲ ಅವರ ಸ್ಕೇಲು ಈ ಪುಟದ ಮೇಲೆ ಹರಿದಿತ್ತು. ಇವಳೂ ಪ್ರತಿ ಸಲ ಬರೀ ಕೆಂಪು ಗುರುತುಗಳನ್ನಷ್ಟೇ ನೋಡಿ ತಿದ್ದಿದ್ದಳು. ತನ್ನ ಮೇಲೆ ಬಂದ ಸಿಟ್ಟೂ ಸೇರಿ ಅವಳ ಮೈಯೆಲ್ಲ ಉರಿಯಿತು.

ಸಮವಸ್ತ್ರದಲ್ಲೇ ವಾಪಸ್ ಹೋದಳು. ಮೇಷ್ಟ್ರು ಮಾತು ಪೂರ್ತಿ ಕೇಳಿ ಕನ್ನಡಕ ತೆಗೆದರು.

“ಅಂಕಿ ಬದಲಾದ್ರೆ ಮತ್ತೆ ಸಂಶೋಧನಾ ಸಮಿತಿ ಮುಂದೆ ಹೋಗ್ಬೇಕಮ್ಮ. ಆರು ತಿಂಗಳು. ಸುಮ್ನೆ ಸಲ್ಲಿಸಿಬಿಡು. ಪಟ್ಟಿನೆಲ್ಲಾ ಯಾರು ಓದ್ತಾರೆ? ಭಾಷೆ ಚೊಕ್ಕವಾಗಿದೆ.”

“ಗೋಡೆಗೆ ಅಂಟಿಸ್ತಾರೆ ಸಾರ್! ಅದನ್ನ ನೋಡ್ಕೊಂಡು ಔಷಧಿ ಕುಡಿಸ್ತಾರೆ!”

“ಗೋಡೆಗೆ ಬೇಕಾದ್ರೆ ಬೇರೆ ಬರ್ಕೊಡು. ಇಲ್ಲಿರೋದು ಇಲ್ಲಿರ್ಲಿ.”

“ಮೂರು ಸಲ ಸ್ಕೇಲಿಟ್ಟು ನೋಡಿದ್ರಲ್ಲ, ಏನ್ ನೋಡಿದ್ರಿ? ಒಂದು ‘ದ’ ಬಿಟ್ರೆ ನಿಮಗೆ ನಿದ್ದೆ ಬರಲ್ಲ. ಕೂಸಿಗೆ ಮೂರು ಪಟ್ಟು ಔಷಧಿ ಬರೆದ್ರೆ ಸೊನ್ನೆ ತಪ್ಪಾ?”

“ದನಿ ಇಳಿಸಮ್ಮ. ಬರೆದಿದ್ದು ನೀನು, ನಾನಲ್ಲ.”

ಮಾತು ನೇರ ಎದೆಗೆ ನಾಟಿತು. ನಿಜವೇ. ಅವಳು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಹೌದು, ನಾನೇ ಬರೆದಿದ್ದು. ಅದಕ್ಕೇ ವಾಪಸ್ ತಗೋತಿದ್ದೀನಿ.”

ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ಕೇಳದೆಯೇ ಎತ್ತಿಕೊಂಡಳು. ಎರಡು ಸಾಲುಗಳನ್ನು ಹೊಡೆದು ಹಾಕಿ ಪಕ್ಕದಲ್ಲಿ ಸರಿಯಾದ ಅಂಕಿ ಬರೆದಳು. ಪುಟದ ಅಡಿಯ ವೃತ್ತದೊಳಗಿನ ಸೊನ್ನೆಯನ್ನೂ ಹೊಡೆದು ‘೨’ ಎಂದು ಬರೆದಳು. ಮೊದಲ ಪುಟಕ್ಕೆ ಹೋಗಿ ಅವರ ಸಹಿಯ ಮೇಲೂ ಅಡ್ಡಗೆರೆ ಎಳೆದಳು. ಕಾಗದ ಸ್ವಲ್ಪ ಹರಿಯಿತು.

“ಓದಿ ಸಾರ್,” ಎಂದು ಎಂಬತ್ತೇಳನೇ ಪುಟ ತೆರೆದು ಅವರತ್ತ ನೂಕಿದಳು. “ನಾನು ಇಲ್ಲೇ ನಿಂತಿರ್ತೀನಿ.”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಸ್ಕೇಲನ್ನು ಎಳೆದುಕೊಂಡರು. ಪಟ್ಟಿಯ ಮೊದಲ ಸಾಲಿನ ಕೆಳಗೆ ಅದನ್ನಿಟ್ಟು, “ಮೂರು ಕೆಜಿ,” ಎಂದು ಸಣ್ಣ ದನಿಯಲ್ಲಿ ಓದಿದರು.