ಶಾಂತಕುಮಾರಿಯ ಮಗ ಹಿಡಿದ ಪೊರಕೆ

ಶಾಂತಕುಮಾರಿಯ ಮನೆಯಲ್ಲಿ ಮಗ ಪೊರಕೆ ಮುಟ್ಟುವಂತಿರಲಿಲ್ಲ. ಮೂವತ್ತೊಂದು ವರ್ಷ ಹಲಸೂರಿನ ಬೀದಿ ಗುಡಿಸಿ ನಿವೃತ್ತಳಾದ ಹೆಂಗಸು ಆಕೆ. ಪ್ರೇಮ್‌ಕುಮಾರ್ ಚಿಕ್ಕವನಿದ್ದಾಗ ಒಮ್ಮೆ ಆಟಕ್ಕೆಂದು ಪೊರಕೆ ಹಿಡಿದದ್ದಕ್ಕೆ ಬೆನ್ನಿಗೆ ಬಾರಿಸಿ, ಆಮೇಲೆ ತಾನೇ ಗೊಳೋ ಎಂದು ಅತ್ತಿದ್ದಳು. ಹುಡುಗ ಓದಿದ, ಕೊರಿಯರ್ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವಂತಾದ. ಅಷ್ಟೇ ಸಾಕಿತ್ತು ಆಕೆಗೆ.

ಅಂಥವನು ಒಂದು ಭಾನುವಾರ ಮಧ್ಯಾಹ್ನ ಕುಡಿದು, ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರ ಮೇಲೆ ರೇಗಾಡಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಥೂ, ಏನು ಕೇಡುಗಾಲವೋ! ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಹತ್ತು ದಿನ ಸಂಬಳವಿಲ್ಲದ ಸಮುದಾಯ ಸೇವೆ, ಹಲಸೂರು ಕೆರೆಯ ರಸ್ತೆ ಗುಡಿಸಬೇಕು ಎಂದು ತೀರ್ಪಾಯಿತು.

"ಜೈಲು ತಪ್ತಲ್ಲಮ್ಮ, ಖುಷಿ ಪಡಿ. ಬರೀ ಕಸ ಗುಡಿಸೋದು ತಾನೇ?" ಎಂದರು ವಕೀಲ ಸುದರ್ಶನ್. ಶಾಂತಕುಮಾರಿ ಅವರಿಗೆ ಕೈ ಮುಗಿದಳು. ಮನೆಗೆ ಹೋಗಲು ರಾಮಮೂರ್ತಿ ನಗರದ ಬಸ್ ಹತ್ತಿದ ಮೇಲೆಯೇ ಆ ಮಾತು ಅವಳ ಎದೆಗೆ ಚುಚ್ಚಿದ್ದು.

ಮೊದಲ ದಿನ ಬೆಳಿಗ್ಗೆ ಹೋಗಬಾರದೆಂದೇ ಇದ್ದಳು. ಕಾಲು ಕೇಳಬೇಕಲ್ಲ! ಕೆರೆಯ ಹತ್ತಿರ ಬಂದು ನೋಡಿದರೆ ಮಗ ಕೋಲಿನಂತೆ ನೆಟ್ಟಗೆ ನಿಂತು, ಗಾಳಿಗೆ ಎದುರಾಗಿ ಗುಡಿಸುತ್ತಿದ್ದ. ಧೂಳೆಲ್ಲ ಅವನ ಮುಖಕ್ಕೇ ಬರುತ್ತಿತ್ತು.

"ಏನಕ್ಕಾ, ಮಗಂಗೆ ಇಷ್ಟೂ ಕಲ್ಸಿಲ್ವಾ?" ಎಂದು ನಕ್ಕಳು ಕಸ ಗುಡಿಸುವವರ ಮೇಸ್ತ್ರಿ ವೆಂಕಟಮ್ಮ. ಅವಳಿಗೆ ಈ ಕೆಲಸ ಕಲಿಸಿದವಳೇ ಶಾಂತಕುಮಾರಿ.

ಶಾಂತಕುಮಾರಿ ಸೀದಾ ಮಗನ ಬಳಿಗೆ ಹೋದಳು.

"ನೀನ್ಯಾಕಮ್ಮ ಬಂದೆ? ಯಾರಾದ್ರೂ ನೋಡಿದ್ರೆ ಮಾನ ಹೋಗತ್ತೆ," ಎಂದ ಪ್ರೇಮ್‌ಕುಮಾರ್.

ಅವಳು ಪೊರಕೆ ಕಸಿದುಕೊಂಡು, ಬುಡವನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿ ಸಡಿಲ ಕಡ್ಡಿಗಳನ್ನು ಬಿಗಿ ಮಾಡಿದಳು. ಮಗನ ಕೈಗೆ ಕೊಟ್ಟು, ಬೆನ್ನು ಹಿಡಿದು ಬಗ್ಗಿಸಿದಳು.

"ಗಾಳಿ ಹೋಗೋ ಕಡೆಗೇ ಗುಡಿಸ್ಬೇಕು ಕಣೋ."

ಅವನು ಎರಡು ಸಲ ಗುಡಿಸಿದ. ಈಗ ಸರಿಯಾಗಿ ಬಂತು. ಅದನ್ನು ನೋಡಿಯೇ ಆಕೆಯ ದುಃಖ ಕಟ್ಟೆಯೊಡೆಯಿತು.

"ನೀನು ಕುಡ್ದು ಗಲಾಟೆ ಮಾಡ್ದೆ ಅಂತ ಹತ್ತು ದಿನ ಕೊಟ್ರು. ನಾನೇನು ತಪ್ಪು ಮಾಡಿದ್ದೆ ಅಂತ ಮೂವತ್ತೊಂದು ವರ್ಷ ಕೊಟ್ರೋ?"

ಪ್ರೇಮ್‌ಕುಮಾರ್ ಬಗ್ಗಿದ ಬೆನ್ನು ಎತ್ತಲಿಲ್ಲ. ಶಾಂತಕುಮಾರಿ ಅಲ್ಲೇ ಫುಟ್‌ಪಾತಿನ ಮೇಲೆ ಕೂತು, ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತಳು. ಅವನು ಅಳುತ್ತಲೇ ಅವಳ ಕಾಲಿನ ಸುತ್ತ ಗುಡಿಸಿಕೊಂಡು ಮುಂದೆ ಹೋದ.