ಒನೇಲಿಯಕ್ಕನ ಐದು ತಂತಿಗಳು

ನನ್ನ ರಿಪೇರಿ ಅಂಗಡಿಗೆ ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ಟಿವಿಯ ಬೆನ್ನು ನೋಡಿಕೊಂಡು ಬಂದಿದ್ದೀರಾ? ಒಬ್ಬರೂ ನೋಡಿಕೊಂಡು ಬರುವುದಿಲ್ಲ. ಕಾಮಗುವೆಯ್ ಊರಿಗೆ ಊರೇ ಟಿವಿಯ ಮುಖ ಬಲ್ಲದು, ಬೆನ್ನು ಬಲ್ಲವನು ಈ ಎವೆಲಿಯೊ ಒಬ್ಬನೇ ಎಂದು ಬೀಗುತ್ತಿದ್ದೆ. ಆ ಜಂಬ ಇಳಿಸಿದವಳು ಒನೇಲಿಯಾ.

ನಮ್ಮ ಬೀದಿಯ ಹೊಲಿಗೆಯವಳು. ಇಪ್ಪತ್ತೆರಡರ ಪ್ರಾಯದಲ್ಲಿ ಜ್ವರ ಬಂದು ಕಿವಿ ಹೋಯಿತು, ಮಾತು ಉಳಿಯಿತು. ಎದುರಿನವರ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾಳೆ. ಮಗಳು ಯೈಮಾರಾ ಚಿಕ್ಕವಳಿದ್ದಾಗ ಬೀದಿಯಲ್ಲಿ ನಿಂತು, ಮೇಲಿನ ಕಿಟಕಿಯಲ್ಲಿದ್ದ ತಾಯಿಯೊಡನೆ ದನಿಯೇ ಇಲ್ಲದೆ ಬರೀ ತುಟಿ ಆಡಿಸಿ ಹರಟುತ್ತಿದ್ದಳು. ನಮ್ಮನ್ನೇ ಆಡಿಕೊಳ್ಳುತ್ತಿದ್ದಾರೆಂದು ನಮಗೆಲ್ಲ ಗುಮಾನಿ. ಆ ಹುಡುಗಿ ಈಗ ರಾಜಧಾನಿ ಸೇರಿ, ಬರುವ ಶುಕ್ರವಾರ ಮಧ್ಯಾಹ್ನದ ವಾರ್ತೆಯಲ್ಲಿ ಮೊದಲ ಸಲ ಮಳೆಗಾಳಿಯ ಸುದ್ದಿ ಹೇಳುವವಳಿದ್ದಳು.

ಸೋಮವಾರ ಒನೇಲಿಯಾ ಹೊಸ ಎಚ್‌ಡಿ ಬಾಕ್ಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ಇದಕ್ಕೆ ಸರಿಯಾದ ವಯರ್ ಕೊಡಪ್ಪ. ನನ್ನ ಮಗಳು ಏನು ಹೇಳ್ತಾಳೆ ಅಂತ ನಂಗೆ ಗೊತ್ತಾಗ್ಬೇಕು."

ಅವಳ ಟಿವಿ ನನಗೆ ಗೊತ್ತಿದ್ದದ್ದೇ. ಹೋದ ವರ್ಷದ ಸಿಡಿಲಿಗೆ ಅದರಲ್ಲಿ ಸ್ಪಷ್ಟ ಚಿತ್ರದ ವಯರ್ ಚುಚ್ಚುವ ಎಚ್‌ಡಿಎಂಐ ತೂತು ಸುಟ್ಟುಹೋಗಿತ್ತು. ಚಿತ್ರ ತುಸು ಮಬ್ಬಾದರೇನು, ಇಷ್ಟು ಸಾಕೆಂದು ಹಳದಿ, ಬಿಳಿ, ಕೆಂಪು ತುದಿಯ ಹಳೇ ವಯರ್ ಕೊಟ್ಟು ಸಾಗಹಾಕಿದೆ.

ಮಾರನೆಯ ದಿನವೇ ತಿರುಗಿ ಬಂದಳು.

"ಮುಖ ಇದೆ, ತುಟಿ ಇಲ್ಲ. ಎಲ್ಲಾ ಗಂಜಿ ಕಲಸಿದ ಹಾಗಿದೆ. ವಾರ್ತೆಯವನು ಹೇಳಿದ್ದು ಒಂದಕ್ಷರ ತಿಳೀಲಿಲ್ಲ."

ನಾನು ಗೋಡೆಯ ಕಡೆ ತಿರುಗಿ ಡ್ರಾಯರ್ ತಡಕಾಡುತ್ತ ಗೊಣಗಿದೆ: "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಕಿವುಡಿಗೆ ಎಚ್‌ಡಿ ಬೇರೆ ಕೇಡು."

"ಗೋಡೆಗೆ ಕನ್ನಡಿ ನೇತುಹಾಕ್ಕೊಂಡು ಹಂಗೆಲ್ಲ ಬೈಬಾರ್ದಪ್ಪಾ" ಅಂದಳು ಒನೇಲಿಯಾ.

ತಲೆ ಎತ್ತಿದರೆ ಕನ್ನಡಿಯಲ್ಲಿ ನನ್ನ ಬಾಯಿ, ಅದನ್ನೇ ನೋಡುತ್ತಿದ್ದ ಅವಳ ಕಣ್ಣು. ನಾಚಿಕೆಯಿಂದ ಸತ್ತೇ ಹೋದೆ. ಅವಳಿಗೆ ತುಟಿಯೇ ದನಿ, ಮಬ್ಬು ಚಿತ್ರ ಅಂದರೆ ಮೂಕ ಟಿವಿ. ಟಿವಿಯ ಬೆನ್ನು ಬಲ್ಲ ನನಗೆ ಎದುರು ನಿಂತವಳ ಮುಖ ಕಂಡಿರಲಿಲ್ಲ. ಅವಳತ್ತ ತಿರುಗಿ, ಕಾಣುವ ಹಾಗೆ ನಿಧಾನವಾಗಿ ಹೇಳಿದೆ: "ತಪ್ಪಾಯ್ತು ಒನೇಲಿಯಕ್ಕಾ."

ಆ ಸುಟ್ಟ ತೂತಿಲ್ಲದೆಯೂ ಚಿತ್ರ ಸ್ಪಷ್ಟವಾಗಿ ಬರಲು ಅವಳಿಗೆ ಬೇಕಾಗಿದ್ದುದು ಐದು ತಂತಿಯ ಕಟ್ಟು. ಹಸಿರು, ನೀಲಿ, ಕೆಂಪು ಚಿತ್ರಕ್ಕೆ, ಇನ್ನೊಂದು ಕೆಂಪು ಮತ್ತು ಬಿಳಿ ದನಿಗೆ. ಮೂರು ದಿನ ಊರೆಲ್ಲ ಅಲೆದರೂ ಅದು ಸಿಗಲಿಲ್ಲ. ಕೊನೆಗೆ ಶುಕ್ರವಾರ ಬೆಳಿಗ್ಗೆ ನನ್ನ ಮನೆಯ ಟಿವಿಯಿಂದಲೇ ಕಿತ್ತುಕೊಂಡು ಅವಳ ಮನೆಗೆ ಹೋದೆ.

ಚಿತ್ರದ ಮೂರನ್ನು ಚುಚ್ಚಿ ಎದ್ದು ನಿಂತೆ.

"ದನೀದೂ ಹಾಕು" ಅಂದಳು.

"ನಿಂಗ್ಯಾಕಕ್ಕಾ ಅದು?"

"ನಂಗಲ್ಲ, ಬೀದಿಯವರಿಗೆ. ನನ್ನ ಮಗಳ ದನಿ ಹೆಂಗಿದೆ ಅಂತ ಅವರಾದ್ರೂ ಕೇಳ್ಲಿ."

ಮಧ್ಯಾಹ್ನ ಮನೆ ತುಂಬ ಜನ. ಕೆಳಮನೆಯ ನೆಲ್ವಿಸ್ ಇದ್ದೊಂದು ತೂಗುಕುರ್ಚಿ ಹಿಡಿದು ಕಾಫಿ ಹೀರುತ್ತಿದ್ದ. ಒನೇಲಿಯಾ ಟಿವಿಗೆ ಒಂದು ಮೊಳ ದೂರದಲ್ಲಿ ಮಣೆ ಹಾಕಿ ಕೂತಿದ್ದಳು. ಯೈಮಾರಾ ತೆರೆಯ ಮೇಲೆ ಬಂದಳು. ಅವಳು ಅಂದದ್ದನ್ನೆಲ್ಲ ತಾಯಿ ಪಿಸುಗುಟ್ಟಿದಳು: "ಪೂರ್ವಕ್ಕೆ ಮೋಡ... ಸಂಜೆಗೆ ಮಳೆ..." ಒಂದು ಮಾತೂ ತಪ್ಪಲಿಲ್ಲ. ನನಗೆ ಉಸಿರು ಬಂತು.

ಸುದ್ದಿ ಮುಗಿದ ಮೇಲೆ ಯೈಮಾರಾ ನೇರವಾಗಿ ನಮ್ಮ ಕಡೆ ನೋಡಿದಳು. ತುಟಿ ಆಡಿತು, ದನಿ ಬರಲಿಲ್ಲ.

"ದನಿ ಹೋಯ್ತು" ಅಂದ ನೆಲ್ವಿಸ್. "ಎರಡು ಕೆಂಪನ್ನೂ ಅದಲುಬದಲು ಮಾಡಿದ್ದೀಯ ಕಣೋ. ನಿನ್ನ ಕೈಗುಣವೇ ಇಷ್ಟು."

ಗಾಬರಿಯಾಗಿ ಮಂಡಿಯೂರಿ ಟಿವಿಯ ಹಿಂದೆ ಕೈಹಾಕಿದೆ. ಒನೇಲಿಯಾ ನನ್ನ ಅಂಗಿ ಹಿಡಿದು ಎಳೆದಳು. ಕಣ್ಣು ತುಂಬಿತ್ತು, ನಗುತ್ತಿದ್ದಳು.

"ಬಿಡು ಮಾರಾಯ, ವಯರ್ ಸರಿಯಾಗೇ ಇದೆ. ಅದು ನಂಗೆ ಹೇಳಿದ್ದು."

"ಏನಂದ್ಲು?"

"ಅಮ್ಮಾ, ಬಿಪಿ ಮಾತ್ರೆ ತಗೊಂಡ್ಯಾ ಅಂದ್ಲು."

ತೆರೆಯ ಮೇಲೆ ಆಗಲೇ ಕಬ್ಬಿನ ಸುದ್ದಿ ಶುರುವಾಗಿತ್ತು. ಆದರೂ ಒನೇಲಿಯಾ ಅದಕ್ಕೆ ಮುಖಮಾಡಿ ದನಿಯಿಲ್ಲದೆ ತುಟಿ ಆಡಿಸಿದಳು. ನಾನೂ ಅಷ್ಟು ಓದಬಲ್ಲೆ: ತಗೊಂಡೆ ಮಗಳೇ.

ಮಾತ್ರೆ ಇನ್ನೂ ಮೇಜಿನ ಮೇಲೆಯೇ ಇತ್ತು. ನಾನೇ ಹೋಗಿ ಒಂದು ಲೋಟ ನೀರು ತಂದುಕೊಟ್ಟೆ.