ಎರಡು ಹೂಪೊಟ್ಟಣ

ಸೋಮಸುಂದರಂ ಸೋಂಬೇರಿಯಾಗಿಬಿಟ್ಟ ಅನ್ನುವ ಸುದ್ದಿ ತಮಿಳುನಾಡಿನ ಕುನ್ನತ್ತೂರಿನ ಕನ್ನಡ ನೇಕಾರರ ಬೀದಿಗೆ ತಲುಪಿದ್ದು ಅವನ ಹೆಂಡತಿಯ ಬಾಯಿಂದಲೇ. ರುಕ್ಮಣಿಯ ಬಾಯಿ ಸಣ್ಣದಲ್ಲ. ಹಿತ್ತಲಲ್ಲಿ ಪಾತ್ರೆ ಉಜ್ಜುತ್ತ ಅವಳು ಗಂಡನಿಗೆ ನಾಲ್ಕು ಮಾತು ಆಡಿದರೆ ಬೀದಿಯ ಆ ತುದಿಯ ಮನೆಯವರೂ ಮಗ್ಗ ನಿಲ್ಲಿಸಿ ಕೇಳುತ್ತಿದ್ದರು. ಕನ್ನಡದಲ್ಲಿ ಬೈದರೆ ಅದು ಮನೆಯವರಿಗೆ, ತಮಿಳಿನಲ್ಲಿ ಬೈದರೆ ಅದು ಊರಿಗೆ ಅಂತ ಆ ಬೀದಿಯ ಲೆಕ್ಕ. ಪೊಂಗಲ್ ಕಳೆದ ಮೇಲೆ ಅವಳು ಎರಡರಲ್ಲೂ ಬೈಯುತ್ತಿದ್ದಳು.

ಬೈಯದೆ ಏನು ಮಾಡಿಯಾಳು? ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ಅವಳು ರಾಟೆಯಲ್ಲಿ ನೂಲು ಸುತ್ತಿಟ್ಟ ಕಂಡಿಕೆಗಳು ಬುಟ್ಟಿ ತುಂಬಿ ಕೂತಿದ್ದವು, ಲಾಳಿಗೆ ಹಾಕುವವನಿರಲಿಲ್ಲ. ಕೋಳಿ ಕೂಗುವ ಮುಂಚೆ ಎದ್ದು ಮಗ್ಗದ ಗುಂಡಿಗೆ ಕಾಲಿಳಿಸುತ್ತಿದ್ದ ಗಂಡಸು ಈಗ ಬಿಸಿಲು ಏರುವ ತನಕ ಚಾಪೆ ಬಿಡುತ್ತಿರಲಿಲ್ಲ. ಎದ್ದರೆ ಜಗಲಿ, ಜಗಲಿಯಿಂದ ಚಾಪೆ. ಸ್ನಾನಕ್ಕೆ ನೀರು ಕಾಯಿಸಿಟ್ಟರೆ ನೀರು ಆರುತ್ತಿತ್ತು. ಗಡ್ಡ ಬೆಳೆಯಿತು. ಯಾರಾದರೂ ಬಂದು ಮಾತಾಡಿಸಿದರೆ ಹೂಂ ಅನ್ನುತ್ತಿದ್ದ, ಅವರು ಹೋದ ಮೇಲೂ ಒಮ್ಮೆ ಹೂಂ ಅನ್ನುತ್ತಿದ್ದ.

ಅವನ ತಾಯಿ ಚಿನ್ನತಾಯಿ ರುಕ್ಮಣಿಗೆ ಬರೀ ಅತ್ತೆಯಲ್ಲ, ತಂದೆಯ ಸ್ವಂತ ತಂಗಿ. ಹಾಗಾಗಿ ಇಬ್ಬರ ನಾಲಿಗೆಯೂ ಒಂದೇ ಮನೆಯದು. ಮಗನನ್ನು ದಾರಿಗೆ ತರಲು ಮುದುಕಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ದೃಷ್ಟಿ ತೆಗೆದಳು, ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು, ತುಪ್ಪ ಸುರಿದು ಅಕ್ಕಿಬೇಳೆ ಅನ್ನ ಮಾಡಿ ಬಡಿಸಿದಳು. ಅವನು ನಾಲ್ಕು ತುತ್ತು ತಿಂದು ಕೈ ತೊಳೆದ. ಆಮೇಲೆ ಅವಳೂ ಸೊಸೆಯ ಪಕ್ಷಕ್ಕೆ ಸೇರಿದಳು. ನಾನು ಹೆತ್ತದ್ದು ನೇಯುವವನನ್ನು, ಜಗಲಿ ಕಾಯುವವನನ್ನಲ್ಲ ಅಂತ ಬೀದಿಯಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು.

ಬೇರೆ ಮಾತಾಡಿದವಳು ಮಗಳು ನಿತ್ಯಾ ಒಬ್ಬಳೇ. ಅವಳು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಸಂಜೆ ಬಸ್ಸಿಳಿದು ಬಂದವಳು ಅಮ್ಮನನ್ನು ಅಡಿಗೆಮನೆಗೆ ಕರೆದು, ತನ್ನ ಮೇಜಿನ ಎದುರು ಕೂರುವ ಹುಡುಗಿಗೂ ಹೀಗೇ ಆಗಿತ್ತು ಅಂದಳು. ಏಳಲಾಗದೆ, ಉಣ್ಣಲಾಗದೆ, ಕೆಲಸ ಬಿಟ್ಟು ಮನೆಯಲ್ಲಿ ಬಿದ್ದಿದ್ದಳಂತೆ. ಕೊಯಮತ್ತೂರಿನ ದೊಡ್ಡಾಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಿ, ಮಾತ್ರೆ ತಗೊಂಡು, ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾಳಂತೆ. ಇದು ಸೋಂಬೇರಿತನವಲ್ಲಮ್ಮ, ಕಾಯಿಲೆ ಅಂದಳು. ರುಕ್ಮಣಿ ಸೌಟು ಹಿಡಿದೇ ತಿರುಗಿದಳು. ಯಾರಪ್ಪನನ್ನು ಹುಚ್ಚ ಅಂತೀಯ, ನಾಳೆ ನಿನ್ನನ್ನು ಹೆಣ್ಣು ಕೇಳಿಕೊಂಡು ಬರುವವರು ಈ ಮಾತು ಕೇಳಿದರೆ ಹೊಸಿಲು ತುಳಿಯುತ್ತಾರಾ ಅಂತ ಗದರಿಸಿದಳು. ನಿತ್ಯಾ ತಟ್ಟೆ ತಗೊಂಡು ಹೊರಗೆ ಹೋದಳು. ಅಲ್ಲಿಗೆ ಆ ಮಾತು ಮುಗಿಯಿತು ಅಂತ ರುಕ್ಮಣಿ ಅಂದುಕೊಂಡಳು.

ಅವಳ ಕಣ್ಣು ತೆರೆಸಿದವನು ಡಾಕ್ಟರೂ ಅಲ್ಲ, ದೇವರೂ ಅಲ್ಲ. ವೆಳ್ಳಕೋಯಿಲ್‌ನಲ್ಲಿದ್ದ ಅವಳ ಸ್ವಂತ ಅಣ್ಣ ಕುಪ್ಪಸಾಮಿ.

ಕುಪ್ಪಸಾಮಿಯದು ಹುಟ್ಟು ಸೋಂಬೇರಿತನ. ಅದರಲ್ಲಿ ಅವನು ಪಳಗಿದವನು. ವರ್ಷಕ್ಕೊಂದು ಸಲ ಹೆಂಡತಿಯ ಜೊತೆ ಜಗಳವಾಡಿ ತಂಗಿಯ ಮನೆಗೆ ಬಂದು, ಸಾಂಬಾರು ತೆಳ್ಳಗಾಗುವ ತನಕ ಉಳಿಯುವುದು ಅವನ ಪದ್ಧತಿ. ಈ ಸಲವೂ ಬಂದ. ಬಂತಪ್ಪ ಜೋಡಿ ಎತ್ತು ಅಂತ ಚಿನ್ನತಾಯಿ ನಕ್ಕಳು. ಒಬ್ಬ ಸೋಂಬೇರಿಯನ್ನು ಸಾಕುವುದೇ ಕಷ್ಟವಾಗಿದ್ದಾಗ ಇಬ್ಬರು ಒಂದೇ ಜಗಲಿಯ ಮೇಲೆ ಕೂತದ್ದನ್ನು ನೋಡಿ ರುಕ್ಮಣಿಗೆ ನಗು ಬರಲಿಲ್ಲ. ಆದರೆ ನೋಡುತ್ತ ನೋಡುತ್ತ ಅವಳಿಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು.

ಅಣ್ಣ ಎರಡನೇ ಸಲ ಬಡಿಸಲಿ ಅಂತ ತಟ್ಟೆ ಮುಂದೆ ತಳ್ಳುತ್ತಿದ್ದ. ಉಂಡ ಮೇಲೆ ಗೊರಕೆ ಹೊಡೆಯುತ್ತಿದ್ದ. ಟೀವಿಯಲ್ಲಿ ಕ್ರಿಕೆಟ್ ಬಂದರೆ ಎದ್ದು ಕೂರುತ್ತಿದ್ದ, ಐಸ್ ಮಾರುವವನ ಗಂಟೆ ಕೇಳಿದರೆ ಓಡುತ್ತಿದ್ದ. ನೀರು ಸೇದಿಕೊಡು ಅಂದರೆ ಮಾತ್ರ ಸೊಂಟ ನೋವು. ಆ ನೆಪ ಹೇಳುವಾಗಲೂ ಅವನ ಮುಖದಲ್ಲೊಂದು ಖುಷಿ. ಅವನಿಗೆ ಕೆಲಸವೊಂದು ಬೇಡ, ಬೇರೆ ಎಲ್ಲ ಬೇಕು. ಪಕ್ಕದಲ್ಲಿ ಕೂತ ಸೋಮುವಿಗೆ ಕ್ರಿಕೆಟ್ ಬೇಡ, ಐಸು ಬೇಡ, ಊಟ ಬೇಡ. ರಾತ್ರಿ ನಿದ್ದೆಯೂ ಇಲ್ಲ. ಕರೆದರೆ ನೆಪ ಹೇಳುತ್ತಿರಲಿಲ್ಲ, ಬರ್ತೀನಿ ಅನ್ನುತ್ತಿದ್ದ, ಕದ್ದು ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸುತ್ತಿದ್ದ.

ಇನ್ನೊಂದು ಸಂಗತಿ ಅವಳು ಆಗಲೇ ಗಮನಿಸಿದ್ದು. ಎಲ್ಲರೂ ಉಂಡು ಮಲಗಿದ ಮಧ್ಯಾಹ್ನದಲ್ಲಿ ಸೋಮು ಮೆಲ್ಲಗೆ ಎದ್ದು ಮಗ್ಗದ ಹತ್ತಿರ ಹೋಗುತ್ತಿದ್ದ. ಗುಂಡಿಗೆ ಕಾಲಿಳಿಸಿ ಕೂರುತ್ತಿದ್ದ. ಲಾಳಿಯನ್ನು ನೋಡುತ್ತಿದ್ದ. ಸುಮಾರು ಹೊತ್ತು ಹಾಗೇ ಕೂತು, ಒಂದು ಎಳೆಯನ್ನೂ ಮುಟ್ಟದೆ ಎದ್ದು ಬರುತ್ತಿದ್ದ. ಕೆಲಸ ತಪ್ಪಿಸಿಕೊಳ್ಳುವವನು ಕೆಲಸದ ಕಡೆ ಸುಳಿಯುತ್ತಾನೆಯೇ? ಅವಳ ಅಣ್ಣ ಈ ಮನೆಯಲ್ಲಿ ಮಗ್ಗ ಯಾವ ಕೋಣೆಯಲ್ಲಿದೆ ಅಂತಲೂ ಕೇಳಿದವನಲ್ಲ. ರುಕ್ಮಣಿ ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ಇಷ್ಟು ತಿಂಗಳು ತಾನು ಬೈದದ್ದು ಯಾರನ್ನು ಅಂತ ಅವಳಿಗೇ ತಿಳಿಯದಾಯಿತು.

ಕುಪ್ಪಸಾಮಿ ಊರಿಗೆ ಹೋದ ಮರುದಿನ ಬೆಳಿಗ್ಗೆ ಅವಳು ಗಂಡನ ಮುಂದೆ ಕಾಫಿ ಇಟ್ಟು ಹತ್ತಿರವೇ ಕೂತಳು. ಬೈಯಲಿಲ್ಲ. ಏನಾಗ್ತಿದೆ ಮಾವ ಅಂತ ಕೇಳಿದಳು, ಅತ್ತೆಯ ಮಗನನ್ನು ಚಿಕ್ಕಂದಿನಿಂದ ಅವಳು ಕರೆಯುತ್ತಿದ್ದದ್ದು ಹಾಗೇ. ಅವನು ಲೋಟದ ಕಡೆ ನೋಡುತ್ತಿದ್ದ.

“ನಾನಿಲ್ಲ ಅಂದ್ರೆ ನಿಮಗೆಲ್ಲಾ ಸುಲಭ ಆಗುತ್ತೆ ರುಕ್ಕು” ಅಂದ.

ಸಾರಿಗೆ ಉಪ್ಪು ಕಡಿಮೆಯಾಗಿದೆ ಅನ್ನುವಷ್ಟು ಸಾದಾ ಆಗಿ ಅಂದ. ಅತ್ತಿದ್ದರೆ ಅವಳು ಸಮಾಧಾನ ಮಾಡುತ್ತಿದ್ದಳು, ಕೂಗಾಡಿದ್ದರೆ ತಾನೂ ಕೂಗಾಡುತ್ತಿದ್ದಳು. ಇದು ಅವೆರಡೂ ಆಗಿರಲಿಲ್ಲ. ಭಯವಾಯಿತು, ನಿಜವಾದ ಭಯ. ಆ ದಿನದಿಂದ ಅವನನ್ನು ಒಂಟಿಯಾಗಿ ಬಿಡಲಿಲ್ಲ. ರಾಟೆಯನ್ನು ಜಗಲಿಗೇ ತಂದುಕೊಂಡಳು. ಸಂಜೆ ನಿತ್ಯಾ ಬಂದ ಕೂಡಲೇ, ಆ ಡಾಕ್ಟರು ಕೂರುವುದು ಯಾವ ದಿನ ಅಂತ ಕೇಳಿ ತಿಳಿದುಕೊಂಡಳು.

ಸೋಮು ಬರುವುದಿಲ್ಲ ಅನ್ನಲಿಲ್ಲ, ಬರುತ್ತೇನೆ ಅಂತಲೂ ಅನ್ನಲಿಲ್ಲ. ಅವ್ವ ಏನು ಹೇಳಿದರೆ ಅದು ಅಂದ. ಅವ್ವ ಬೇಡವೇ ಬೇಡ ಅಂದಳು. ಜ್ವರ ಬಂದರೆ ಡಾಕ್ಟರು, ಎಲುಬು ಮುರಿದರೆ ಡಾಕ್ಟರು, ಮೈಗಳ್ಳತನಕ್ಕೂ ಡಾಕ್ಟರೇ ಅಂತ ಕೇಳಿದಳು. ರುಕ್ಮಣಿ ಎಷ್ಟು ಹೇಳಿದರೂ ಮುದುಕಿ ಜಗ್ಗಲಿಲ್ಲ. ಕೊನೆಗೆ, ನೀನು ಒಂದು ಹೇಳ್ತೀಯ ನಾನು ಒಂದು ಹೇಳ್ತೀನಿ, ಹೂ ಕೇಳಿಬಿಡೋಣ ಅಂದಳು.

ಆ ಬೀದಿಯಲ್ಲಿ ಮದುವೆಯಿರಲಿ, ಬಾವಿಯಿರಲಿ, ಆಪರೇಷನ್ ಇರಲಿ, ಚೌಡಮ್ಮನ ಗುಡಿಯಲ್ಲಿ ಹೂ ಕೇಳದೆ ಯಾರೂ ಮುಂದೆ ಹೋಗುವುದಿಲ್ಲ. ಒಂದು ಬಿಳಿ ಹೂ, ಒಂದು ಕೆಂಪು ಹೂ, ಬೇರೆ ಬೇರೆಯಾಗಿ ಬಾಳೆಲೆಯಲ್ಲಿ ಸುತ್ತಿ ನೂಲು ಕಟ್ಟಿ ಅಮ್ಮನ ಪಾದದಲ್ಲಿಡಬೇಕು. ಮದುವೆ ವಿಷಯವಾದರೆ ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುತ್ತಾರೆ, ಮೈಯ ವಿಷಯವಾದರೆ ಯಾರ ಮೈಯೋ ಅವರೇ ಎತ್ತಬೇಕು. ಬಿಳಿ ಬಂದರೆ ಕಾಯಿಲೆ, ಆಸ್ಪತ್ರೆಗೆ ಹೋಗುವುದು. ಕೆಂಪು ಬಂದರೆ ಸೋಂಬೇರಿತನ, ಆಸ್ಪತ್ರೆಯ ಮಾತು ಮತ್ತೆ ಎತ್ತಕೂಡದು. ಹೀಗೆ ಚಿನ್ನತಾಯಿ ಗೊತ್ತುಮಾಡಿದಳು. ಒಬ್ಬ ಮನುಷ್ಯ ಬದುಕುವುದೋ ಬಿಡುವುದೋ ಎರಡು ಹೂವಿನ ಮೇಲೆ ನಿಂತಿತು.

ಪೊಟ್ಟಣ ಕಟ್ಟುವುದು ಮನೆಯ ಹೆಂಗಸಿನ ಕೆಲಸ. ಶುಕ್ರವಾರ ಬೆಳಿಗ್ಗೆ ರುಕ್ಮಣಿ ತಲೆಗೆ ಸ್ನಾನ ಮಾಡಿ ಹಿತ್ತಲ ಕಣಗಿಲೆ ಗಿಡಗಳ ಹತ್ತಿರ ನಿಂತಳು. ಬಿಳಿ ಗಿಡವೂ ಇತ್ತು, ಕೆಂಪು ಗಿಡವೂ ಇತ್ತು. ಅವಳು ಕೆಂಪಿನ ಕಡೆ ತಿರುಗಲೇ ಇಲ್ಲ. ಎರಡೂ ಎಲೆಯಲ್ಲಿ ಬಿಳಿಯನ್ನೇ ಇಟ್ಟು, ಗಟ್ಟಿಯಾಗಿ ನೂಲು ಸುತ್ತಿ ಗಂಟು ಹಾಕಿದಳು. ಅಮ್ಮನಿಗೆ ಮೋಸ ಮಾಡಿದವರ ಕಣ್ಣು ಹೋಗುತ್ತೆ ಅಂತ ಚಿಕ್ಕಂದಿನಿಂದ ಕೇಳಿದವಳು. ಹೋದರೆ ನನ್ನ ಕಣ್ಣು ಹೋಗಲಿ, ಅವನು ಉಳಿಯಲಿ ಅಂತ ಗಿಡದ ಮುಂದೆಯೇ ಗಟ್ಟಿಯಾಗಿ ಹೇಳಿ ಒಳಗೆ ಬಂದಳು.

ಗುಡಿಯಲ್ಲಿ ಶುಕ್ರವಾರದ ಜನ. ಪೂಜಾರಿ ವೆಲ್ಲಿಂಗಿರಿ ಪೊಟ್ಟಣಗಳನ್ನು ಅಮ್ಮನ ಪಾದಕ್ಕೆ ಮುಟ್ಟಿಸಿ, ಕೈಯಲ್ಲಿ ಅದಲುಬದಲು ಮಾಡಿ, ತಟ್ಟೆಯಲ್ಲಿಟ್ಟು ಸೋಮುವಿನ ಮುಂದೆ ಹಿಡಿದ. ನಿತ್ಯಾ ಅಪ್ಪನಿಗೆ ಒಗೆದ ಪಂಚೆ ಉಡಿಸಿ, ಬೆಳಿಗ್ಗೆಯೇ ಕ್ಷೌರದವನನ್ನು ಕರೆಸಿ ಗಡ್ಡ ತೆಗೆಸಿದ್ದಳು. ಗಡ್ಡ ಹೋದ ಮುಖದಲ್ಲಿ ಕೆನ್ನೆಗಳು ಎಷ್ಟು ಒಳಗೆ ಹೋಗಿವೆ ಅಂತ ಆಗ ಎಲ್ಲರಿಗೂ ಕಾಣಿಸಿತು.

“ಮನಸ್ಸಲ್ಲಿ ಅಮ್ಮನ್ನ ನೆನೆಸ್ಕೊಂಡು ಒಂದು ಎತ್ತಪ್ಪ” ಅಂದ ಪೂಜಾರಿ.

ಸೋಮು ತಟ್ಟೆಯನ್ನು ನೋಡಿದ. ನೋಡುತ್ತಲೇ ನಿಂತ. ರುಕ್ಮಣಿ, ಯಾವುದಾದರೂ ಎತ್ತು ಮಾವ, ಯಾವುದಾದರೂ ಸರಿ ಅಂತ ಮನಸ್ಸಿನಲ್ಲೇ ಬೇಡುತ್ತಿದ್ದಳು. ಅವನು ಎತ್ತಲಿಲ್ಲ. ಕರ್ಪೂರ ಉರಿದು ಆರಿತು. ಹಿಂದೆ ನಿಂತವರು ಕತ್ತು ಚಾಚಿ ನೋಡಿದರು. ಪೂಜಾರಿ ಇನ್ನೊಮ್ಮೆ ಹೇಳಿದ, ಸ್ವಲ್ಪ ಬೇಸರದಿಂದಲೇ. ಚಿನ್ನತಾಯಿಗೆ ನಾಲ್ಕು ಜನರ ಮುಂದೆ ಅವಮಾನವಾಯಿತು.

“ಎತ್ತೋ ಸೋಮು. ಒಂದು ಹೂವಿನ ಪೊಟ್ಟಣ ಅದು, ರುಬ್ಬೋ ಕಲ್ಲಲ್ಲ. ಅದನ್ನ ಎತ್ತಕ್ಕೂ ಸೋಂಬೇರಿತನಾನಾ ನಿನಗೆ?”

ಅವನು ತಾಯಿಯ ಕಡೆ ತಿರುಗಿದ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಮಾತಾಡಿದ್ದು ಮೆಲ್ಲಗೆ, ಹಾಸಿಗೆ ಒದ್ದೆ ಮಾಡಿಕೊಂಡ ಮಗು ಒಪ್ಪಿಕೊಳ್ಳುವ ಹಾಗೆ.

“ಎತ್ತು ಎತ್ತು ಅಂತ ಕೈಗೆ ಹೇಳ್ತಾನೇ ಇದೀನಿ ಅವ್ವ. ಅದು ಏಳ್ತಾ ಇಲ್ಲ. ಮಗ್ಗದಲ್ಲೂ ಹಿಂಗೇನೇ. ದಿನಾ ಹೋಗಿ ಕೂತ್ಕೊಂಡು ಹೇಳ್ತೀನಿ. ಏಳಲ್ಲ.”

ಚಿನ್ನತಾಯಿ ಮಗನ ಹತ್ತಿರ ಬಂದಳು. ಅವಳು ಸೋಂಬೇರಿಗಳನ್ನು ಕಂಡವಳು. ಅವಳ ಅಣ್ಣನ ಮಗನೇ ಒಬ್ಬನಿದ್ದ. ಯಾವ ಸೋಂಬೇರಿಯೂ ಒಂದು ಹೂಪೊಟ್ಟಣ ಎತ್ತಲಾರದೆ ಬೆವೆತದ್ದನ್ನು ಅವಳು ನೋಡಿರಲಿಲ್ಲ. ಮಗನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು, ಬೆರಳು ಒಂದೊಂದಾಗಿ ಮುಟ್ಟಿ ನೋಡಿದಳು. ಕೈಗೇನೂ ಆಗಿರಲಿಲ್ಲ. ಎಲ್ಲ ಬೆರಳೂ ಸರಿಯಾಗಿದ್ದವು. ಆಗಲೇ ಅವಳ ಕಣ್ಣಲ್ಲಿ ನೀರು ಬಂತು.

ತಟ್ಟೆ ತಗೊಂಡು ಹೋಗಯ್ಯ ಅಂದಳು ಪೂಜಾರಿಗೆ. ಇನ್ನೂ ಬಿಚ್ಚಿಲ್ಲವಲ್ಲ, ಅಮ್ಮ ಏನು ಹೇಳಿದಳು ಅಂತ ಗೊತ್ತಾಗಲಿಲ್ಲವಲ್ಲ ಅಂತ ಅವನು ಗೊಣಗಿದ.

“ಹೇಳಾಯ್ತು” ಅಂದಳು ಚಿನ್ನತಾಯಿ. “ನನಗೆ ಕೇಳಿಸ್ತು.”

ಪೊಟ್ಟಣಗಳನ್ನು ವೆಲ್ಲಿಂಗಿರಿ ಹಾಗೇ ಒಯ್ದು ಬಾವಿಕಟ್ಟೆಯ ಮೇಲೆ ಬಾಡಿದ ಹೂಗಳ ಜೊತೆ ಸುರಿದ. ರುಕ್ಮಣಿಯ ಮೋಸವನ್ನು ಯಾರೂ ಬಿಚ್ಚಿ ನೋಡಲಿಲ್ಲ. ಅದಕ್ಕಾಗಿ ಸಂತೋಷಪಡಲು ಅವಳಿಗೆ ಪುರುಸೊತ್ತೂ ಇರಲಿಲ್ಲ.

ಡಾಕ್ಟರು ಕೂರುವ ದಿನ ಮೊದಲ ಬಸ್ಸಿಗೇ ನಾಲ್ವರೂ ಕೊಯಮತ್ತೂರಿಗೆ ಹೊರಟರು. ನಿತ್ಯಾ ಕಂಪನಿಗೆ ರಜೆ ಹೇಳಿದ್ದಳು. ಬರುವುದು ಬೇಡ, ಬಿಸಿಲು ಅಂದರೂ ಚಿನ್ನತಾಯಿ ಕೇಳಲಿಲ್ಲ. ದೊಡ್ಡಾಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಮಗನ ಪಕ್ಕದಲ್ಲಿ ಕೂತು, ಬಂದು ಹೋಗುವವರನ್ನೆಲ್ಲ ನೋಡಿದಳು. ಸೀರೆ ನೀಟಾಗಿ ಉಟ್ಟ ಹೆಂಗಸರು, ಕಾಲೇಜು ಹುಡುಗರು, ಉಕ್ಕಡಂ ಮಾರ್ಕೆಟ್ಟಿಂದ ನೇರ ಬಂದ ಮೀನು ವಾಸನೆಯ ಒಬ್ಬ ಗಂಡಸು. ಹುಚ್ಚರು ಎಲ್ಲೇ ಅಂತ ಮೊಮ್ಮಗಳ ಕಿವಿಯಲ್ಲಿ ಕೇಳಿದಳು. ಇವರೇ ಅಜ್ಜಿ, ನಮ್ಮ ಹಾಗೇ ಬಂದವರು ಅಂದಳು ನಿತ್ಯಾ.

ಒಳಗೆ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಏನು ತೊಂದರೆ ಅಂತ ತಮಿಳಿನಲ್ಲಿ ಕೇಳಿದಳು, ಕೇಳಿದ್ದು ಸೋಮುವನ್ನೇ. ಗಂಡನ ಪರವಾಗಿ ಉತ್ತರ ಹೇಳಿ ರೂಢಿಯಿದ್ದ ರುಕ್ಮಣಿ ಈ ಸಲ ತುಟಿ ಬಿಗಿದು ಕೂತಳು. ಡಾಕ್ಟರಮ್ಮ ಅವಸರ ಮಾಡದೆ ಕಾದಳು. ಸೋಮು ನೆಲ ನೋಡುತ್ತ ತಮಿಳಿನಲ್ಲಿ ಹೇಳಿದ, ಕಾಯಿಲೆ ಏನೂ ಇಲ್ಲಮ್ಮ, ನಾನು ಸೋಂಬೇರಿ. ಮನೆಯವರಿಗೆ ತೊಂದರೆ.

ಯಾರೋ ಕಲಿಸಿಕೊಟ್ಟದ್ದನ್ನು ಒಪ್ಪಿಸುವ ಹಾಗೆ ಹೇಳಿದ. ಕಲಿಸಿದವರು ಯಾರು ಅಂತ ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ರುಕ್ಮಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ಅಳು ನಿಲ್ಲಲಿಲ್ಲ.

ಚಿನ್ನತಾಯಿ ಬೀದಿ ದಾಟಿದರೆ ತಮಿಳು ಬಿಟ್ಟು ಬೇರೆ ಆಡಿದವಳಲ್ಲ. ಈಗ ಡಾಕ್ಟರು ಎದುರಿಗಿದ್ದಾಳೆ ಅನ್ನುವುದನ್ನೂ ಮರೆತು, ಮಗನ ಮೊಣಕಾಲಿನ ಮೇಲೆ ಕೈಯಿಟ್ಟು ಮನೆಯ ಕನ್ನಡದಲ್ಲೇ ಹೇಳಿದಳು.

“ನೀನು ಸೋಂಬೇರಿ ಅಲ್ಲ ಸೋಮು. ನಾವು ಹೇಳಿದ್ದು ಸುಳ್ಳು. ನಿನಗೆ ಮೈ ಸರಿಯಿಲ್ಲ, ಅಷ್ಟೇ. ಅದನ್ನ ಈ ಅಮ್ಮನಿಗೆ ಹೇಳು.”

ಡಾಕ್ಟರಮ್ಮನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೂ ಅವಳು ತಡೆಯಲಿಲ್ಲ. ಸೋಮು ತಾಯಿಯ ಮುಖವನ್ನು ನೋಡಿದ. ಆಮೇಲೆ ಡಾಕ್ಟರ ಕಡೆ ತಿರುಗಿ, ಬೆಳಿಗ್ಗೆ ಎಚ್ಚರವಾದಾಗ ಹೇಗಿರುತ್ತದೆ ಅನ್ನುವುದರಿಂದ ಶುರುಮಾಡಿದ.